ಮೊದಲು ಪುಸ್ತಕ ಬರಲಿ, ಆಮೇಲೆ ಲೇಖಕರು

ಈಚೆಗೆ ಮಲೆನಾಡಿನ ಒಂದು ತಾಲ್ಲೂಕು ಪಟ್ಟಣದಲ್ಲಿ ಏರ್ಪಾಡಾಗಿದ್ದ ‘ಲೇಖಕರೊಡನೆ ಸಂವಾದ’ಕ್ಕೆ ಹೋಗಿದ್ದೆ. ಅದು ಸಾಗರವೋ ಹೊಸನಗರವೋ ತೀರ್ಥಹಳ್ಳಿಯೋ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಉಳಿದೆರಡು ಊರಿನವರು ತಾವು ಪಾರಾದೆವೆಂದು ನೆಮ್ಮದಿಯಿಂದ ಕುಳಿತಾರು. ಆ ನೆಮ್ಮದಿಗೆ ಅವರೂ ಅರ್ಹರಲ್ಲ. ಮಧ್ಯಾಹ್ನ ಮೂರು ಗಂಟೆಗೆ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ನಾಲ್ಕೂಕಾಲಿಗೆ ಪ್ರಾರ್ಥನೆಯಾಯಿತು. ವೇದಿಕೆಯ ಮೇಲೆ ಒಂಬತ್ತು ಕುರ್ಚಿ, ಕೆಳಗೆ ಎಪ್ಪತ್ತು ಜನ. ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಉದ್ಘಾಟನೆಯ ಭಾಷಣ, ಲೇಖಕರ ಪರಿಚಯ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಅದರದೊಂದು ಪಟ, ಪಟ ಸರಿಯಾಗಿ ಬರಲಿಲ್ಲವೆಂದು ಮತ್ತೊಂದು ಪಟ. ಸಂವಾದವೆಂಬುದು ಶುರುವಾದಾಗ ಐದು ಗಂಟೆ ಹತ್ತು ನಿಮಿಷ.

ಮೊದಲನೆಯ ಪ್ರಶ್ನೆ: “ತಮಗೆ ಬರೆಯಲು ಪ್ರೇರಣೆ ಯಾರು?” ಎರಡನೆಯದು: “ಇಂದಿನ ಯುವಜನರಿಗೆ ತಮ್ಮ ಸಂದೇಶವೇನು?” ಮೂರನೆಯದು ಪ್ರಶ್ನೆಯೇ ಅಲ್ಲ, ಎದ್ದುನಿಂತ ಮಹನೀಯರು ತಮ್ಮ ಕವನಸಂಕಲನವೊಂದು ಅಚ್ಚಿನಲ್ಲಿದೆ ಎಂಬ ಸಂಗತಿಯನ್ನು ಸಭೆಯ ಗಮನಕ್ಕೆ ತಂದು ಕುಳಿತರು. ಲೇಖಕರು ಇವಕ್ಕೆಲ್ಲ ನೂರಾರು ಸಲ ಹೇಳಿ ಸವೆದುಹೋದ ಉತ್ತರಗಳನ್ನು, ಬಸ್ಸಿನ ಕಂಡಕ್ಟರು ಟಿಕೇಟು ಹರಿದು ಕೊಡುವಂತೆ, ಹರಿದು ಹರಿದು ಕೊಟ್ಟರು. ಅವರ ತಪ್ಪೇನೂ ಇಲ್ಲ. ಕೇಳಿದ್ದಕ್ಕೆ ತಕ್ಕ ಉತ್ತರ.

ಆಗ ಹಿಂದಿನ ಸಾಲಿನಿಂದ ಅರವತ್ತು ದಾಟಿದ ಒಬ್ಬ ಹೆಂಗಸು ಎದ್ದರು. ಕೈಯಲ್ಲಿ ಗ್ರಂಥಾಲಯದ ಮುದ್ರೆಯಿದ್ದ, ಹೊದಿಕೆ ಹರಿದು ಮತ್ತೆ ಬೈಂಡು ಮಾಡಿಸಿದ ಪುಸ್ತಕ. “ಅಲ್ಲ ಮಾರಾಯ್ರೇ, ನಿಮ್ಮ ಕಾದಂಬರಿಯಲ್ಲಿ ಆ ಅತ್ತಿಗೆ ಇದ್ದಾಳಲ್ಲ, ಗಂಡ ಸತ್ತವಳು, ಅವಳು ಇಡೀ ಪುಸ್ತಕದಲ್ಲಿ ನಾಲ್ಕು ಸಲ ಕಾಫಿ ತರ್ತಾಳೆ. ಒಂದು ಮಾತೂ ಆಡೋದಿಲ್ಲ. ನಾನು ಎರಡು ಸಲ ಓದಿ ನೋಡಿದೆ. ಅವಳಿಗೆ ಹೇಳೋದು ಏನೂ ಇರ್ಲಿಲ್ವಾ, ಅಥವಾ ನಿಮಗೆ ಕೇಳಿಸ್ಲಿಲ್ವಾ?”

ಲೇಖಕರು ಕುರ್ಚಿಯಲ್ಲಿ ನೆಟ್ಟಗಾದರು. ಆ ದಿನ ಅವರ ಮುಖದಲ್ಲಿ ಜೀವ ಕಂಡದ್ದು ಅದೇ ಮೊದಲು. “ಅಮ್ಮಾ, ನೀವು ಕೂತ್ಕೊಳ್ಳಿ, ಇದನ್ನ ಸ್ವಲ್ಪ ಯೋಚ್ನೆ ಮಾಡಿ ಹೇಳ್ಬೇಕು” ಎಂದು ತೊಡಗಿದರು. ನಿರೂಪಕರು ನಡುವೆ ಬಂದು, ಸಮಯದ ಅಭಾವವಿರುವುದರಿಂದ ಸಂವಾದವನ್ನು ಇಲ್ಲಿಗೆ ಮುಗಿಸಿ ಅಧ್ಯಕ್ಷರ ಭಾಷಣಕ್ಕೆ ಹೋಗೋಣವೆಂದರು. ಗಡಿಯಾರ ನೋಡಿಕೊಂಡೆ. ಎರಡು ಗಂಟೆಗೂ ಮಿಕ್ಕಿದ ಏರ್ಪಾಡಿನಲ್ಲಿ ಸಂವಾದಕ್ಕೆ ಸಂದದ್ದು ಹದಿನಾಲ್ಕು ನಿಮಿಷ. ಆ ಹದಿನಾಲ್ಕರಲ್ಲಿ ಪುಸ್ತಕಕ್ಕೆ ಸಂದದ್ದು ಒಂದು. ಆಕೆ ಅಧ್ಯಕ್ಷ ಭಾಷಣಕ್ಕೆ ಕಾಯಲಿಲ್ಲ. ನಾನೂ ಹಿಂದೆಯೇ ಹೊರಬಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. “ಉತ್ತರ ಬೇಕು ಅಂತಲೇ ಅಲ್ಲ, ಕೇಳ್ಬೇಕು ಅಂತ ಬಹಳ ದಿನದಿಂದ ಇತ್ತು” ಎಂದರು.

ಏರ್ಪಾಡು ಮಾಡಿದವರ ಮೇಲೆ ನನಗೆ ಕೋಪವಿಲ್ಲ. ಮನೆಮನೆ ತಿರುಗಿ ಚಂದಾ ಎತ್ತಿ, ಕೈಯಿಂದಲೂ ಹಾಕಿ, ಮಳೆಗಾಲ ಕಳೆದೊಡನೆ ಏನಾದರೊಂದು ಸಾಹಿತ್ಯದ ಕೆಲಸವಾಗಲೆಂದು ಓಡಾಡುವ ಸಜ್ಜನರು ಅವರು. ನನ್ನ ಜಗಳವಿರುವುದು ಪದ್ಧತಿಯೊಡನೆ. ಪುಸ್ತಕದ ಸ್ಥಾನದಲ್ಲಿ ಲೇಖಕನನ್ನೂ, ಓದಿನ ಸ್ಥಾನದಲ್ಲಿ ದರ್ಶನವನ್ನೂ ಕೂರಿಸಿ, ಅದಕ್ಕೆ ಸಂವಾದವೆಂಬ ದೊಡ್ಡ ಹೆಸರಿಟ್ಟಿದ್ದೇವೆ. ಜಾತ್ರೆಯಲ್ಲಿ ಉತ್ಸವಮೂರ್ತಿಯನ್ನು ಕಂಡು ಕೈಮುಗಿದು ಬರುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಕಾಣದು. ಜಾತ್ರೆಯಲ್ಲಾದರೂ ಮಂಡಕ್ಕಿ ಸಿಗುತ್ತದೆ.

ರಾಜಧಾನಿಯ ವಾಚಕರು, ಇದು ಹಳ್ಳಿಗಾಡಿನ ಗೋಳು, ನಮ್ಮ ಸಾಹಿತ್ಯೋತ್ಸವಗಳು ಹೀಗಿಲ್ಲ, ಎಂದು ಕೊಂಡಾಡಿಕೊಳ್ಳಬೇಕಾಗಿಲ್ಲ. ಅಲ್ಲಿ ಹಣ್ಣಿನ ಬುಟ್ಟಿಯ ಬದಲು ಕುಂಡದಲ್ಲಿಟ್ಟ ಗಿಡ ಕೊಡುತ್ತಾರೆ, ಅಷ್ಟೆ. ನಲವತ್ತು ನಿಮಿಷಕ್ಕೆ ಒಬ್ಬ ಲೇಖಕ ಎಂಬ ಲೆಕ್ಕದಲ್ಲಿ, ಪಕ್ಕದ ಡೇರೆಯ ಚಪ್ಪಾಳೆ ಕೇಳಿಸಿಕೊಳ್ಳುತ್ತ, ಪುಸ್ತಕ ಓದಿರದ ಸಭೆಯೆದುರು ಪುಸ್ತಕದ ಹಿಂಬದಿಯ ಹೊದಿಕೆಯನ್ನಷ್ಟೇ ಓದಿಬಂದವರೊಬ್ಬರು ಪ್ರಶ್ನೆ ಕೇಳುವುದನ್ನು ಅಲ್ಲಿಯೂ ಕಂಡಿದ್ದೇನೆ. ನಾನು ಮಲೆನಾಡಿನ ಈ ಮೂರು ತಾಲ್ಲೂಕುಗಳನ್ನು ಹಿಡಿದುಕೊಂಡಿರುವುದು, ಇವುಗಳ ವಿಷಯದಲ್ಲಿ ನಗರದವರಿಗೊಂದು ದೊಡ್ಡ ಭ್ರಮೆ ಇರುವುದರಿಂದ.

ಆ ಭ್ರಮೆಯ ಹೆಸರು ‘ಮಣ್ಣಿನ ಗುಣ’. ಕುಪ್ಪಳಿಯ ಕುವೆಂಪು, ಮೇಳಿಗೆಯ ಅನಂತಮೂರ್ತಿ, ತೀರ್ಥಹಳ್ಳಿಯ ಎಂ. ಕೆ. ಇಂದಿರಾ, ಹಾರೋಗದ್ದೆಯ ಹಾ. ಮಾ. ನಾಯಕ, ಸಾಗರದ ನಾ. ಡಿಸೋಜ, ಹೆಗ್ಗೋಡಿನ ಕೆ. ವಿ. ಸುಬ್ಬಣ್ಣ ಎಂದು ಬೆರಳು ಮಡಚಿ ಎಣಿಸಿ, “ಏನು ಮಳೆ, ಏನು ಮಂಜು, ಏನು ಕಾಡು! ಆ ಮಣ್ಣಿನಲ್ಲೇ ಸಾಹಿತ್ಯ ಇದೆ ಬಿಡಿ” ಎನ್ನುತ್ತಾರೆ. ಅಡಕೆ ಮರದಲ್ಲಿ ಗೊನೆ ಬಿಡುವಂತೆ ಇಲ್ಲಿ ಕಾದಂಬರಿ ಬಿಡುತ್ತದೆಂದು ಅವರ ತಿಳಿವಳಿಕೆ.

ಇದು ನಿಜವಾದರೆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಸಾಗರಕ್ಕೂ ತೀರ್ಥಹಳ್ಳಿಗೂ ನಡುವೆ ಇರುವುದು ಹೊಸನಗರ. ಹುಲಿಕಲ್ಲು, ಮಾಸ್ತಿಕಟ್ಟೆಗಳ ಮಳೆ ಆಗುಂಬೆಯ ಮಳೆಗೆ ಸೋಲುವಂಥದಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊಸನಗರದ ಮೂಲಕವೇ ಹರಿದು ಸಾಗರದ ಜೋಗದಲ್ಲಿ ಧುಮುಕುತ್ತದೆ. ಬಿದನೂರಿನ ಕೋಟೆ ಅಲ್ಲಿದೆ, ಹೊಂಬುಜದ ಬಸದಿಗಳು ಅಲ್ಲಿವೆ. ಮಣ್ಣು ಅದೇ, ಮಂಜು ಅದೇ, ನೀರು ಅದೇ. ಹಾಗಿದ್ದೂ ನಗರದವರು ಬೆರಳು ಮಡಚುವಾಗ ಹೊಸನಗರವನ್ನು ದಾಟಿಯೇ ಹೋಗುತ್ತಾರೆ. ಅಲ್ಲಿ ಬರೆಯುವವರಿಲ್ಲವೆಂದಲ್ಲ, ಓದುವವರಿಲ್ಲವೆಂದಂತೂ ಅಲ್ಲ. ಬರೆದದ್ದು ಅಚ್ಚಾಗುವುದಕ್ಕೆ, ಅಚ್ಚಾದದ್ದು ನಾಲ್ಕು ಜನರ ಬಾಯಿಗೆ ಬಿದ್ದು ಜಗಳಕ್ಕೆ ವಸ್ತುವಾಗುವುದಕ್ಕೆ ಬೇಕಾದ ಕಾಲೇಜು, ಮುದ್ರಣಾಲಯ, ಪ್ರಕಾಶನ, ನಾಟಕದ ಮನೆ ಇವೆಲ್ಲ ಕೂಡಿಬರುವ ಭಾಗ್ಯ ಸಾಗರದ ಸುತ್ತಿಗೆ ಸಿಕ್ಕಂತೆ ಅಲ್ಲಿಗೆ ಸಿಗಲಿಲ್ಲ. ಮೇಲಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರದ ಜೊತೆಗೆ ಹೊಸನಗರ ತಾಲ್ಲೂಕಿನ ಊರುಗಳೂ ನೀರಿನಡಿ ಹೋದವು. ಜನ ಕಂಡಕಂಡಲ್ಲಿಗೆ ಚದುರಿದರು. ಮಣ್ಣೇ ಮುಳುಗಿದ ಮೇಲೆ ಮಣ್ಣಿನ ಗುಣದ ಮಾತೆಲ್ಲಿ ಬಂತು?

ಈಗ ಆ ತಾಲ್ಲೂಕಿಗೆ ಸಾಹಿತ್ಯದ ನೆಪದಲ್ಲಿ ನಗರದವರು ಹೋಗುವುದಿದ್ದರೆ ಅರಸಾಳು ರೈಲು ನಿಲ್ದಾಣಕ್ಕೆ. ಶಂಕರನಾಗ್ ಅವರು ಆರ್. ಕೆ. ನಾರಾಯಣರ ಕಥೆಗಳನ್ನು ದೂರದರ್ಶನಕ್ಕೆ ತಂದಾಗ ಮಾಲ್ಗುಡಿಯ ನಿಲ್ದಾಣವಾಗಿ ಕಂಡದ್ದು ಅದೇ. 2020ರಲ್ಲಿ ಅದು ‘ಮಾಲ್ಗುಡಿ’ ಹೆಸರಿನ ವಸ್ತುಸಂಗ್ರಹಾಲಯವಾಯಿತು. ಸಂತೋಷ. ಆದರೆ ಎಲ್ಲಿಯೂ ಇಲ್ಲದ ಊರೊಂದನ್ನು ಇಂಗ್ಲಿಷಿನಲ್ಲಿ ಕಲ್ಪಿಸಿದ ಲೇಖಕನಿಗೆ ಸ್ಮಾರಕವಾದ ತಾಲ್ಲೂಕಿನಲ್ಲಿಯೇ, ನಿಜವಾಗಿ ಇದ್ದು ಮುಳುಗಿಹೋದ ಊರುಗಳ ಬಗ್ಗೆ ಕನ್ನಡದಲ್ಲಿ ಏನೇನು ಬರೆದಿದೆ ಎಂದು ತೋರಿಸುವ ಒಂದು ಕಪಾಟು ಎಲ್ಲಿದೆಯೆಂದು ಕೇಳಿದರೆ ಅಸೂಯೆ ಎನ್ನಬಾರದು.

ಮಣ್ಣಲ್ಲವಾದರೆ ಮತ್ತೇನು? ನನ್ನ ಉತ್ತರ: ಓದುಗರು. ಇದನ್ನು ಸ್ವಲ್ಪ ವಿಸ್ತರಿಸಬೇಕು.

ಕುಪ್ಪಳಿಗೆ ಹೋದವರು ಕವಿಶೈಲಕ್ಕೆ ಹತ್ತುತ್ತಾರೆ. ಹತ್ತಿದವರು ಪಟ ತೆಗೆಸಿಕೊಳ್ಳುತ್ತಾರೆ. ಅಲ್ಲಿಯ ಬಂಡೆಯ ಮೇಲೆ ಕೊರೆದಿರುವ ಹೆಸರುಗಳಲ್ಲಿ ಬಿ. ಎಂ. ಶ್ರೀಕಂಠಯ್ಯನವರದೂ ಟಿ. ಎಸ್. ವೆಂಕಣ್ಣಯ್ಯನವರದೂ ಇವೆ. ಈ ವೆಂಕಣ್ಣಯ್ಯನವರು ಯಾರು? ತಾವಾಗಿ ಬರೆದದ್ದು ಬಹಳ ಕಡಮೆ. ಓದಿದವರು, ಓದಿಸಿದವರು, ಶಿಷ್ಯನ ಬರವಣಿಗೆಯನ್ನು ಕುಳಿತು ಕೇಳಿ ಮೆಚ್ಚಿದವರು, ತಿದ್ದಿದವರು. ಅವರು ತೀರಿಕೊಂಡದ್ದು 1939ರಲ್ಲಿ. ಕನ್ನಡಕ್ಕೆ ಮೊದಲ ಜ್ಞಾನಪೀಠವನ್ನು ತಂದ ಮಹಾಕಾವ್ಯ ಅಚ್ಚಾಗುವ ಹೊತ್ತಿಗೆ ಅವರಿರಲಿಲ್ಲ. ‘ಶ್ರೀ ರಾಮಾಯಣ ದರ್ಶನಂ’ ಅರ್ಪಿತವಾಗಿರುವುದು ಅವರಿಗೇ. ದೊರೆಗಲ್ಲ, ದೊಡ್ಡ ಕವಿಗಲ್ಲ, ಒಬ್ಬ ಓದುಗನಿಗೆ. ಪುಸ್ತಕದ ಬಾಗಿಲಲ್ಲೇ ಇರುವ ಈ ಸಂಗತಿ ಕವಿಶೈಲದಲ್ಲಿ ಪಟ ತೆಗೆಸಿಕೊಂಡು ಬಂದವರಲ್ಲಿ ಎಷ್ಟು ಜನಕ್ಕೆ ಗೊತ್ತು? 2015ರ ನವೆಂಬರಿನಲ್ಲಿ ಕವಿಮನೆಗೆ ಕಳ್ಳರು ನುಗ್ಗಿ ಪದ್ಮಪ್ರಶಸ್ತಿಯ ಪದಕಗಳನ್ನು ಹೊತ್ತೊಯ್ದಾಗ ನಾಡೆಲ್ಲ ಮರುಗಿತು. ಮರುಗಬೇಕಾದದ್ದೇ. ಆದರೆ ಕವಿಯ ಆಸ್ತಿ ಎಂದರೆ ಪದಕವೆಂದು ಕಳ್ಳರು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ನಾವು ಅವರಿಗೆ ಕಲಿಸಿದ್ದೂ ಅದನ್ನೇ ಅಲ್ಲವೆ?

ಇನ್ನೊಬ್ಬ ಓದುಗರನ್ನು ಹೇಳುತ್ತೇನೆ. ಶಾಂತವೇರಿ ಗೋಪಾಲಗೌಡರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಕಡೆಯವರು. 1951ರ ಕಾಗೋಡು ಸತ್ಯಾಗ್ರಹದ ನಾಯಕರಲ್ಲಿ ಒಬ್ಬರು. 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದಲೂ 1962, 1967ರಲ್ಲಿ ತೀರ್ಥಹಳ್ಳಿಯಿಂದಲೂ ಗೆದ್ದವರು. ನಮ್ಮ ಮೂರು ತಾಲ್ಲೂಕುಗಳನ್ನೂ ಒಬ್ಬ ಮನುಷ್ಯ ಹೀಗೆ ಪ್ರತಿನಿಧಿಸಿದ್ದುಂಟು. ರಾಜಕಾರಣಿಯೆಂದು ಅವರನ್ನು ನೆನೆಯುತ್ತೇವೆ. ಆದರೆ ಅಡಿಗರ ಕವಿತೆ ಅವರಿಗೆ ಉಸಿರಾಗಿತ್ತೆಂಬುದನ್ನು ಒಡನಾಡಿದವರು ಹೇಳಿದ್ದಾರೆ, ಬರೆದಿದ್ದಾರೆ. ಹೊಸ ಕಾವ್ಯ ಅರ್ಥವಾಗುವುದಿಲ್ಲ ಎಂದು ಪ್ರಾಧ್ಯಾಪಕರೇ ದೂರುತ್ತಿದ್ದ ಕಾಲದಲ್ಲಿ, ಗೇಣಿದಾರರ ಪರವಾಗಿ ಜೈಲಿಗೆ ಹೋದ ಮನುಷ್ಯನೊಬ್ಬ ಆ ಕಾವ್ಯವನ್ನು ತನ್ನದಾಗಿ ಮಾಡಿಕೊಂಡಿದ್ದ. ಅನಂತಮೂರ್ತಿಯವರ ‘ಅವಸ್ಥೆ’ಯ ಕೃಷ್ಣಪ್ಪನ ಹಿಂದೆ ಗೋಪಾಲಗೌಡರಿದ್ದಾರೆಂಬುದು ಎಲ್ಲರಿಗೂ ತಿಳಿದದ್ದೇ. ಓದುಗ ಲೇಖಕನಿಗೆ ಕಾದಂಬರಿಯಾದ. ಇದಕ್ಕಿಂತ ಹೆಚ್ಚಿನ ಸಂವಾದ ಯಾವುದು? ಶಾಲು ಹೊದಿಸಿದವರಾರು, ಸ್ವಾಗತ ಭಾಷಣ ಮಾಡಿದವರಾರು?

ಅಂದ ಹಾಗೆ ಕಾಗೋಡಿನ ಜಗಳ ಹೊತ್ತಿಕೊಂಡದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಅಳತೆ ನ್ಯಾಯವಾಗಿರಬೇಕು ಎಂದಷ್ಟೇ ಗೇಣಿದಾರ ಕೇಳಿದ್ದು. ನಮ್ಮ ಸಾಹಿತ್ಯ ಸಭೆಗಳಲ್ಲಿಯೂ ಈಗ ವೇದಿಕೆಗೊಂದು ಕೊಳಗ, ಸಭಿಕರಿಗೊಂದು ಕೊಳಗ ನಡೆಯುತ್ತಿದೆ.

ಹೆಗ್ಗೋಡಿನ ಮಾತಿಗೆ ಬರುತ್ತೇನೆ. 1949ರಲ್ಲಿ ಆ ಊರಿನ ಹುಡುಗರು ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಮೈಸೂರಿನಲ್ಲಿ ಓದಿದ ಸುಬ್ಬಣ್ಣನವರು ಅಲ್ಲಿಯೇ ಉದ್ಯೋಗ ಹಿಡಿಯದೆ ಊರಿಗೆ ಮರಳಿ, ಅಡಕೆ ತೋಟ ನೋಡಿಕೊಳ್ಳುತ್ತ, ನಾಟಕದ ಜೊತೆಗೆ ಅಕ್ಷರ ಪ್ರಕಾಶನವನ್ನೂ ನಡೆಸಿದರು. 1970ರ ದಶಕದಲ್ಲಿ ಜಗತ್ತಿನ ಒಳ್ಳೆಯ ಸಿನಿಮಾಗಳನ್ನು ತರಿಸಿ ಹಳ್ಳಿಯ ಜನಕ್ಕೆ ತೋರಿಸಿದರು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇದೆಲ್ಲ ನಗರದವರಿಗೆ ಗೊತ್ತು. ಅವರು ಅಷ್ಟಾಗಿ ಗಮನಿಸದ ಒಂದು ಸಣ್ಣ ಕ್ರಮವಿದೆ. ಅಲ್ಲಿಯ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ ನೋಡಿದವರು ಮರುದಿನ ಬೆಳಿಗ್ಗೆ ಕುಳಿತು ಅದೇ ನಾಟಕದ ಮಾತಾಡುತ್ತಾರೆ. ಎಲ್ಲರೂ ನೋಡಿದ್ದಾರೆ, ನೋಡದೆ ಮಾತಾಡುವ ಅವಕಾಶವಿಲ್ಲ. ಶಾಲಾ ಮಾಸ್ತರರೂ ತೋಟದವರೂ ಕಾಲೇಜಿನ ಹುಡುಗಿಯೂ ಪಂಡಿತರೂ ಒಂದೇ ನಾಟಕವನ್ನು ಒಂದೇ ರಾತ್ರಿ ನೋಡಿ ಬಂದಿರುವುದರಿಂದ ಆ ಬೆಳಿಗ್ಗೆಯ ಮಟ್ಟಿಗೆ ಎಲ್ಲರ ಬಂಡವಾಳವೂ ಸಮ. ಕೃತಿ ಮೊದಲು, ಮಾತು ಆಮೇಲೆ, ಕರ್ತೃವಿನ ವಿವರಣೆ ಬೇಕಾದರೆ ಅದಕ್ಕೂ ಆಮೇಲೆ. ಗುಟ್ಟು ಇಷ್ಟೇ. ಇದನ್ನು ಕಲಿಯಲು ಮ್ಯಾಗ್ಸೆಸೆ ಪ್ರಶಸ್ತಿ ಬೇಕಾಗಿಲ್ಲ.

ಹೆಗ್ಗೋಡಿನಲ್ಲಿ ದೋಷವಿಲ್ಲವೆ? ಇದೆ. ವಿಮರ್ಶಕರ ಪರಿಭಾಷೆ ಒಮ್ಮೊಮ್ಮೆ ಅಡಕೆ ತೋಟದ ಬಸಿಗಾಲುವೆಯಷ್ಟು ಆಳಕ್ಕಿಳಿದು ಸಾಮಾನ್ಯ ಓದುಗ ದಡದಲ್ಲೇ ಉಳಿಯುತ್ತಾನೆ. ಮಾತಾಡುವವರೇ ಮತ್ತೆ ಮತ್ತೆ ಮಾತಾಡುವುದೂ ಉಂಟು. ಆದರೆ ಅದು ಕೃತಿಯನ್ನು ಕುರಿತ ಮಾತಿನ ಅತಿರೇಕ. ನಮ್ಮ ಪಟ್ಟಣದ್ದು ಕೃತಿಯೇ ಇಲ್ಲದ ಮಾತಿನ ಅತಿರೇಕ. ಎರಡರಲ್ಲಿ ಆಯ್ದುಕೋ ಎಂದರೆ ನಾನು ಮೊದಲನೆಯದನ್ನೇ ಆಯ್ದುಕೊಂಡೇನು.

1960ರ ದಶಕದ ಸಾಗರವನ್ನು ನೆನಪಿಗೆ ತಂದುಕೊಳ್ಳಿ. 1964ರಿಂದ ಕೆಲವು ವರ್ಷ ಗೋಪಾಲಕೃಷ್ಣ ಅಡಿಗರು ಅಲ್ಲಿಯ ಲಾಲ್ ಬಹಾದುರ್ ಕಾಲೇಜಿನ ಪ್ರಿನ್ಸಿಪಾಲರು. ಅವರ ‘ಸಾಕ್ಷಿ’ ಪತ್ರಿಕೆ. ಪಕ್ಕದಲ್ಲಿ ಅಕ್ಷರ ಪ್ರಕಾಶನ. ಹಾಗೆಯೇ 1965ರಲ್ಲಿ ‘ಸಂಸ್ಕಾರ’ ಹೊರಬಂತು. ಅಚ್ಚು ಹಾಕಿದ್ದು ದೂರದ ಧಾರವಾಡದ ಮನೋಹರ ಗ್ರಂಥಮಾಲೆ. 1933ರಿಂದ ಚಂದಾದಾರರನ್ನು ನೆಚ್ಚಿ ಬದುಕಿದ ಸಂಸ್ಥೆ ಅದು. ಬರಲಿರುವ ಪುಸ್ತಕ ಯಾವುದೆಂದು ತಿಳಿಯದೆಯೂ ಮುಂಗಡ ಹಣ ಕೊಟ್ಟು ಕಾದ ಓದುಗರಿದ್ದರು! ‘ಸಂಸ್ಕಾರ’ ಬಂದ ಮೇಲೆ ಆದ ಜಗಳ, ಅದರ ಸಿನಿಮಾ 1970ರಲ್ಲಿ ಸೆನ್ಸಾರಿನ ಕೈಯಲ್ಲಿ ಸಿಕ್ಕಿ ಪಟ್ಟ ಪಾಡು ಚರಿತ್ರೆಗೆ ಸೇರಿವೆ. ಓದಿ ಸಿಟ್ಟಾದವರಿದ್ದರು, ಓದದೆಯೇ ಸಿಟ್ಟಾದವರೂ ಇದ್ದರು. ಆದರೆ ಆ ಸಿಟ್ಟಿನ ಗುರಿ ಪುಸ್ತಕ. ಇಂದು ಪುಸ್ತಕ ಯಾರನ್ನೂ ಸಿಟ್ಟಿಗೆಬ್ಬಿಸದು. ಲೇಖಕ ಎಲ್ಲೋ ಆಡಿದ ಒಂದು ಮಾತು ಊರನ್ನೇ ಎಬ್ಬಿಸುತ್ತದೆ. ಲೇಖಕನನ್ನು ಹೊತ್ತು ಮೆರೆಸುವುದೂ ಅಟ್ಟಿಸಿಕೊಂಡು ಹೋಗುವುದೂ ಒಂದೇ ರೋಗದ ಎರಡು ಲಕ್ಷಣಗಳು. ಎರಡಕ್ಕೂ ಪುಸ್ತಕ ಬೇಕಾಗಿಲ್ಲ.

ಎಂ. ಕೆ. ಇಂದಿರಾ ಅವರ ಪ್ರಸಂಗವನ್ನು ನೋಡಿ. ಎಳೆಯ ವಯಸ್ಸಿಗೆ ಮದುವೆಯಾಗಿ, ಹೆಚ್ಚಿನ ಶಾಲೆ ಕಾಣದೆ, ನಡುವಯಸ್ಸಿನವರೆಗೂ ಬರೀ ಓದುಗಿತ್ತಿಯಾಗಿ ಇದ್ದವರು. ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. 1976ರ ‘ಫಣಿಯಮ್ಮ’ ಅವರ ಮನೆತನದಲ್ಲೇ ಬಾಳಿದ ಒಬ್ಬ ಬಾಲವಿಧವೆಯ ಕಥೆ. ಮನೆಯ ಹೆಂಗಸರ ಬಾಯಿಂದ ಕೇಳಿದ್ದು. ಅಂಥ ಅತ್ತೆ ಅತ್ತಿಗೆಯರು ಎಷ್ಟು ಮನೆಗಳ ಎಷ್ಟು ಅಡಿಗೆಮನೆಗಳಲ್ಲಿ ಇರಲಿಲ್ಲ? ಬರೆಯುವ ಗಂಡಸರು ಅವರ ಕೈಯ ಕಾಫಿ ಕುಡಿದರು. ಅವರಿಗೂ ಹೇಳುವುದಿದೆಯೆಂದು ಕೇಳಿಸಿಕೊಂಡವಳು ಒಬ್ಬ ಓದುಗಿತ್ತಿ. ನಾನು ಮೊದಲಿಗೆ ಹೇಳಿದ ಹೆಂಗಸು ಕೇಳಿದ ಪ್ರಶ್ನೆ ಇದೇ ಅಲ್ಲವೆ? ಆ ಒಂದು ನಿಮಿಷದಲ್ಲಿ ಕನ್ನಡ ಕಾದಂಬರಿಯ ದೊಡ್ಡ ತಕರಾರೊಂದು ಆ ಸಭಾಭವನದೊಳಕ್ಕೆ ಬಂದು ನಿಂತಿತ್ತು. ಅಧ್ಯಕ್ಷರ ಭಾಷಣಕ್ಕೆ ಹೊತ್ತಾಯಿತೆಂದು ಅದನ್ನು ಹೊರಗೆ ಕಳಿಸಿದೆವು.

ನಾ. ಡಿಸೋಜ 2025ರ ಜನವರಿ 5ರಂದು ತೀರಿಕೊಂಡರು. ಶರಾವತಿ ಯೋಜನೆಯ ನೌಕರರಾಗಿದ್ದು, ಮುಳುಗಡೆಯನ್ನು ಕಣ್ಣಾರೆ ಕಂಡು, ‘ದ್ವೀಪ’ ಬರೆದವರು. ಗಿರೀಶ ಕಾಸರವಳ್ಳಿಯವರು ಅದನ್ನು ಚಿತ್ರ ಮಾಡಿದರು, ರಾಷ್ಟ್ರಪ್ರಶಸ್ತಿ ಬಂತು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಡಿಸೋಜರೇ ಅಧ್ಯಕ್ಷರು. ತೀರಿಕೊಂಡ ಮೇಲೆ ಶ್ರದ್ಧಾಂಜಲಿ ಸಭೆಗಳಲ್ಲಿ ಅವರ ಸರಳತೆ, ಸಜ್ಜನಿಕೆ, ನಗುಮುಖ ಇವನ್ನೆಲ್ಲ ಹೊಗಳಿದರು. ಎಲ್ಲವೂ ನಿಜ. ಆದರೆ ‘ದ್ವೀಪ’ದ ಜನ ಈಗಲೂ ಇದ್ದಾರೆ. ಹಿನ್ನೀರಿನಾಚೆಯ ತುಮರಿಯ ಕಡೆಯವರು ಆರು ದಶಕ ಲಾಂಚಿನಲ್ಲಿ ದಾಟಿದರು. ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಮುಳುಗಡೆಯವರಲ್ಲಿ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುವವರ ಮೊಮ್ಮಕ್ಕಳೂ ಈಗ ಅಲೆಯುತ್ತಿದ್ದಾರೆ. ಆ ಪುಸ್ತಕವನ್ನು ಅವರ ನಡುವೆ ಕುಳಿತು ಓದಿ, “ಇದು ಹೀಗಿತ್ತೇ? ಇದರಲ್ಲಿ ಯಾರ ಮಾತು ಬಿಟ್ಟುಹೋಗಿದೆ?” ಎಂದು ಕೇಳುವ ಒಂದು ಮಧ್ಯಾಹ್ನ, ಹತ್ತು ಶ್ರದ್ಧಾಂಜಲಿಗಳಿಗೆ ಸಮ. ಲೇಖಕರಿಲ್ಲದ ಮೇಲೆ ಸಂವಾದವೆಲ್ಲಿ ಎನ್ನುವವರಿಗೆ ಹೇಳುವುದಿಷ್ಟು: ಕುವೆಂಪು ಇಲ್ಲ, ಇಂದಿರಾ ಇಲ್ಲ, ಸುಬ್ಬಣ್ಣ ಇಲ್ಲ, ಅನಂತಮೂರ್ತಿ ಇಲ್ಲ, ಡಿಸೋಜ ಇಲ್ಲ. ಲೇಖಕರ ದೇಹವನ್ನೇ ನೆಚ್ಚಿಕೊಂಡರೆ ಈ ಮೂರು ತಾಲ್ಲೂಕುಗಳ ದೊಡ್ಡ ಸಂವಾದಗಳೆಲ್ಲ ಮುಗಿದುಹೋದವೆಂದೇ ಅರ್ಥ.

ಫ್ರಾನ್ಸಿನ ರೋಲಾಂ ಬಾರ್ತ್ ಎಂಬಾತ 1967ರಲ್ಲಿ ಲೇಖಕ ಸತ್ತನೆಂದು ಸಾರಿದ. ನಾನು ಅಷ್ಟು ನಿರ್ದಯನಲ್ಲ. ಲೇಖಕ ಬದುಕಿರಲಿ, ಎರಡನೆಯ ಸಾಲಿನಲ್ಲಿ ಕುಳಿತಿರಲಿ, ಕೇಳಿದಾಗ ಮಾತಾಡಲಿ.

ಸ್ನೇಹಿತರೊಬ್ಬರ ಆಕ್ಷೇಪ ಇದು: “ಲೇಖಕರನ್ನು ಕಾಣುವ ಆಸೆಯಿಂದಲಾದರೂ ಜನ ಬರುತ್ತಾರೆ, ಬಂದವರಲ್ಲಿ ಹತ್ತು ಜನ ಪುಸ್ತಕ ಕೊಳ್ಳುತ್ತಾರೆ. ಅದನ್ನೂ ನಿಲ್ಲಿಸಬೇಕೆ?” ಆಕ್ಷೇಪದಲ್ಲಿ ತಥ್ಯವಿದೆ, ನಾನೇ ಹಾಗೆ ಕೊಂಡ ಪುಸ್ತಕಗಳಿವೆ. ಲೇಖಕರ ರುಜುವಿದೆ, ಪುಟ ಬಿಡಿಸಿಲ್ಲ. ಕೊಂಡದ್ದೆಲ್ಲ ಓದಿದ್ದಲ್ಲವೆಂದು ನನ್ನ ಕಪಾಟೇ ಸಾಕ್ಷಿ ಹೇಳುತ್ತದೆ. ಮತ್ತೊಬ್ಬರು, ಜನಕ್ಕೆ ಈಗ ತಾಳ್ಮೆಯಿಲ್ಲ, ಮೊಬೈಲು ಬಂದ ಮೇಲೆ ದಪ್ಪ ಪುಸ್ತಕ ಯಾರು ಓದುತ್ತಾರೆ, ಎಂದರು. ‘ಮಲೆಗಳಲ್ಲಿ ಮದುಮಗಳು’ ನಾಟಕವಾದಾಗ ರಾತ್ರಿಯಿಡೀ, ಒಂಬತ್ತು ಗಂಟೆಯ ಕಾಲ, ಜನ ಚಳಿಯಲ್ಲಿ ಕುಳಿತು ನೋಡಿದರಲ್ಲ! ತಾಳ್ಮೆ ಜನಕ್ಕಿದೆ. ತಾಳ್ಮೆಯಿಲ್ಲದಿರುವುದು ಕಾರ್ಯಕ್ರಮದ ಏರ್ಪಾಡಿಗೆ.

ಹಾಗಾದರೆ ಮಾಡಬೇಕಾದದ್ದೇನು? ಒಂದು ಸಂವಾದಕ್ಕೆ ಇಪ್ಪತ್ತೈದು ಸಾವಿರ ರೂಪಾಯಿ ಖರ್ಚೆಂದಿಟ್ಟುಕೊಳ್ಳಿ. ಇನ್ನೂರೈವತ್ತು ರೂಪಾಯಿಯ ಪುಸ್ತಕವಾದರೆ ಅದೇ ಹಣಕ್ಕೆ ನೂರು ಪ್ರತಿ ಬರುತ್ತದೆ. ನೂರು ಬೇಡ, ಮೂವತ್ತು ತರಿಸಿ. ಉಳಿದ ಹಣದಲ್ಲಿ ಲೇಖಕರ ಪ್ರಯಾಣ, ಊಟ, ಸಂಭಾವನೆ ಆಗುತ್ತದೆ. ಹಾರ ಆಗುವುದಿಲ್ಲ, ಆಗದಿದ್ದರೆ ಮೇಲು. ಪುಸ್ತಕಗಳು ಲೇಖಕರಿಗಿಂತ ಎರಡು ತಿಂಗಳು ಮುಂಚೆ ಊರಿಗೆ ಬರಲಿ, ಕೈಯಿಂದ ಕೈಗೆ ಹೋಗಲಿ, ಸೊಸೈಟಿಯಲ್ಲಿ, ಶಾಲೆಯಲ್ಲಿ, ಹೋಟೆಲಿನ ಗಲ್ಲದ ಪಕ್ಕದಲ್ಲಿ ಇರಲಿ. ಆ ದಿನ ಮೊದಲ ಒಂದು ಗಂಟೆ ಓದಿದವರು ತಮ್ಮತಮ್ಮಲ್ಲೇ ಮಾತಾಡಲಿ, ಲೇಖಕರು ಕೇಳಿಸಿಕೊಳ್ಳಲಿ. ತನ್ನ ಪುಸ್ತಕದ ಬಗ್ಗೆ ಮುಖಸ್ತುತಿಯಲ್ಲದ ಮಾತು ಕೇಳುವ ಸುಖ ಕನ್ನಡದ ಲೇಖಕನಿಗೆ ಎಷ್ಟು ಅಪರೂಪವೆಂಬುದು ಆ ದಿನ ಆ ಮನುಷ್ಯನ ಮುಖ ನೋಡಿದ ನನಗೆ ಗೊತ್ತು.

ಗ್ರಂಥಾಲಯದ ವಿಷಯ ಹೇಳದಿದ್ದರೆ ಇದು ಅರ್ಧವಾಗುತ್ತದೆ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ನಗರದ ವಾಚಕರು ತಮ್ಮ ತೆರಿಗೆ ರಸೀತಿಯನ್ನೊಮ್ಮೆ ತೆಗೆದು ನೋಡಬಹುದು. ವಸೂಲಾದ ಕರವನ್ನು ಗ್ರಂಥಾಲಯಕ್ಕೆ ಒಪ್ಪಿಸಲು ಸ್ಥಳೀಯ ಸಂಸ್ಥೆಗಳು ಮೀನಮೇಷ ಎಣಿಸುವುದು ಹಳೆಯ ದೂರು. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಹೋಗಿ ಈಗ ‘ಅರಿವು ಕೇಂದ್ರ’ಗಳಾಗಿವೆ, ಕೆಲವು ಕಡೆ ಬಣ್ಣ ಬಳಿದು ಚೆನ್ನಾಗಿಯೇ ಇವೆ, ಮಕ್ಕಳು ಬರುತ್ತಾರೆ. ಆದರೆ ಹೊಸ ಕಾದಂಬರಿ ಎಲ್ಲಿ? ಸರ್ಕಾರದ ಸಗಟು ಖರೀದಿಯನ್ನೇ ನಂಬಿ ಅಚ್ಚಾದ ಪುಸ್ತಕಗಳು ಕಟ್ಟು ಬಿಚ್ಚದೆ ಕುಳಿತಿರುತ್ತವೆ. ಓದುಗ ಕೇಳಿದ ಪುಸ್ತಕ ಇರುವುದಿಲ್ಲ. ಯಾವ ಪುಸ್ತಕ ಬೇಕೆಂದು ಊರಿನ ಓದುಗರನ್ನು ಕೇಳುವ ಒಂದು ಪುಸ್ತಕವನ್ನಾದರೂ, ದೂರು ಪುಸ್ತಕದಂತೆ ದಾರ ಕಟ್ಟಿ, ಮೇಜಿನ ಮೇಲಿಡಬಾರದೆ? ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು ಕೈಹಾಕಬೇಕಾದ ಕೆಲಸ ಇದು. ಮೆರವಣಿಗೆಗೆ ಬೇಕಾಗುವ ಶ್ರಮದ ಹತ್ತರಲ್ಲೊಂದು ಪಾಲು ಸಾಕು.

ಆ ಹೆಂಗಸು ತಂದಿದ್ದ ಪ್ರತಿ ಅಂಥ ಒಂದು ಗ್ರಂಥಾಲಯದ್ದೇ. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಮುಂದಿನ ಸಲ ಸಂವಾದ ಏರ್ಪಡಿಸುವವರು ಮೂರು ಗಂಟೆಯೆಂದು ಅಚ್ಚು ಹಾಕಿಸಿದರೆ ದಯವಿಟ್ಟು ಮೂರಕ್ಕೇ ಆರಂಭಿಸಬೇಕು, ಮೊದಲ ಪ್ರಶ್ನೆ ಕೇಳಲು ಅವರನ್ನೇ ಕರೆಯಬೇಕು. ಅವರ ಊರಿಗೆ ಐದೂಮುಕ್ಕಾಲರ ಬಸ್ಸು ತಪ್ಪಿದರೆ ಮತ್ತೆ ಬಸ್ಸಿಲ್ಲ.